ಹಾಸಿಗೆ ಬಿಟ್ಟು ಎದ್ದದ್ದಕ್ಕೆ ಹಿರಿಯರು ಕೂಡಿದರು

ನಿದ್ದೆಯ ಬಗ್ಗೆ ನನಗೆ ಬುದ್ಧಿ ಹೇಳಿದವರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿದರೆ ಕಂಡಕ್ಟರನಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಹಾಲಿನಲ್ಲಿ ಜಾಜಿಕಾಯಿ ತೇಯ್ದು ಕುಡಿ, ಅಂಗಾಲಿಗೆ ಹರಳೆಣ್ಣೆ ತಿಕ್ಕು, ಮೊಬೈಲ್ ದೂರ ಇಡು. ನಾನು ಕೆಲಸ ಮಾಡುವ ಖಾನಾಪುರದ ಶಾಲೆಯಲ್ಲಿ ಮರಾಠಿ ಕಲಿಸುವ ಟೀಚರಂತೂ ದಿನಾ ನನ್ನ ಮುಖ ನೋಡಿ, "ಟೆನ್ಶನ್ ತಗೋಬ್ಯಾಡ್ರಿ ಟೀಚರ್ ಬಾಯಿ," ಅನ್ನುತ್ತಿದ್ದರು. ಟೆನ್ಶನ್ ಏನು ಅಂಗಡಿಯಲ್ಲಿ ಮಾರಾಟಕ್ಕಿದೆಯೇ, ನಾನು ಹೋಗಿ ತಗೊಂಡು ಬರಲು?

ವರ್ಷಗಟ್ಟಲೆ ನಾನು ನಿದ್ದೆಯಿಲ್ಲದೆ ಮಲಗಿದ್ದೆ. ಮಾತ್ರೆ ನುಂಗಿದರೆ ರಾತ್ರಿ ಹೇಗೋ ಕಳೆಯುತ್ತಿತ್ತು, ಬೆಳಿಗ್ಗೆ ಮಂಪರು ಬಿಡುತ್ತಿರಲಿಲ್ಲ. ಅದೇ ಮಂಪರಿನಲ್ಲಿ ಮಹಾಂತೇಶ ನಗರದ ಮನೆಯಿಂದ ಸ್ಕೂಟರ್ ಹತ್ತಿ ಶಾಲೆಗೆ ಹೊರಟವಳು, ದೇಸೂರ ದಾಟುವಾಗ ತೂಕಡಿಸಿ ರಸ್ತೆ ಬಿಟ್ಟು ಹೊಲಕ್ಕೆ ಬಿದ್ದೆ. ಹಿಂದೆಯೇ ಲಾರಿ ಬರುತ್ತಿತ್ತು. ರಸ್ತೆಯ ಮೇಲೆಯೇ ಬಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಡಾಕ್ಟರು ಮಾತ್ರೆಯನ್ನು ಮೆಲ್ಲಮೆಲ್ಲಗೆ ಬಿಡಿಸಿ, ಫೋನಿನಲ್ಲೇ ನಡೆಯುವ ನಿದ್ದೆಯ ಚಿಕಿತ್ಸೆಗೆ ಹಚ್ಚಿದರು. ವಾರಕ್ಕೊಮ್ಮೆ ಪರದೆಯ ಮೇಲೆ ಒಬ್ಬ ಹುಡುಗಿ ಬಂದು ಮಾತಾಡುತ್ತಾಳೆ. ಔಷಧವಿಲ್ಲ. ಮಲಗುವ ಅಭ್ಯಾಸ ತಿದ್ದುವುದು, ಹಾಸಿಗೆ ಕಂಡರೆ ಹುಟ್ಟುವ ಹೆದರಿಕೆ ಬಿಡಿಸುವುದು, ಅಷ್ಟೇ. ಇದೂ ಕೈಕೊಟ್ಟರೆ ನನಗೆ ಮತ್ತೆ ಅದೇ ಮಾತ್ರೆ, ಅದೇ ರಸ್ತೆ.

"ಎಚ್ಚರವಾಗಿ ಮಲಗೇ ಇದ್ರೆ, ಹಾಸಿಗೆ ಅಂದ್ರೆ ಎಚ್ಚರ ಇರೋ ಜಾಗ ಅಂತ ಮೈಗೆ ರೂಢಿ ಆಗ್ಬಿಡತ್ತೆ ಮೇಡಂ. ನಿದ್ದೆ ಬರದಿದ್ರೆ ಎದ್ದು ಬೇರೆ ರೂಮಿನಲ್ಲಿ ಕೂತ್ಕೊಳ್ಳಿ. ತೂಕಡಿಕೆ ಬಂದ್ಮೇಲೆ ವಾಪಸ್ ಹೋಗಿ," ಎಂದಳು ಆ ಹುಡುಗಿ.

ಎಷ್ಟು ಸಲೀಸು! ಬೇರೆ ರೂಮಂತೆ. ನಮ್ಮ ಮನೆಯಲ್ಲಿ ಬೇರೆ ರೂಮೆಂದರೆ ಪಡಸಾಲೆ. ಅದಕ್ಕೆ ಹೊಂದಿಕೊಂಡೇ ಅತ್ತೆಯ ಕೋಣೆ, ಅದರ ಬಾಗಿಲಿಗೆ ಬರೀ ಒಂದು ಪರದೆ. ಸಿಟ್ಟು ಬಂದರೂ ಆ ಹುಡುಗಿ ಹೇಳಿದಂತೆಯೇ ಮಾಡಿದೆ. ಗಂಡನಿಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. "ಮಾಡು, ಚಲೋ ಆದ್ರ ಸಾಕು," ಎಂದು ಅವರು ಮಗ್ಗಲು ಹೊರಳಿದರು.

ಎದ್ದು ಹೋಗಿ ಪಡಸಾಲೆಯಲ್ಲಿ ಸಣ್ಣ ದೀಪ ಹಚ್ಚಿಕೊಂಡು ಕೂರುವುದು, ಕಣ್ಣು ಎಳೆದಾಗ ಒಳಗೆ ಹೋಗುವುದು. ಮೊದಮೊದಲು ನರಕ. ಆಮೇಲೆ, ಸುಳ್ಳೇಕೆ ಹೇಳಲಿ, ದಿಂಬಿಗೆ ತಲೆ ಕೊಟ್ಟ ಸ್ವಲ್ಪ ಹೊತ್ತಿಗೇ ನಿದ್ದೆ ಹತ್ತತೊಡಗಿತು. ತರಗತಿಯಲ್ಲಿ ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತು.

ಆಗಲೇ ಒಂದು ರವಿವಾರ ಹಿರಿಯರು ಬಂದರು.

ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟಿತೆಂದರೆ ಎರಡೂ ಕಡೆಯ ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿಸುವುದು ನಮ್ಮವರ ರೂಢಿ. ಖಾನಾಪುರದಿಂದ ಅತ್ತೆಯ ಅಣ್ಣ, ಅಂದರೆ ನನ್ನ ಗಂಡನ ಸೋದರಮಾವ, ಬಂದಿಳಿದರು. ನಮ್ಮೂರಲ್ಲೇ ಕ್ಯಾಂಪ್ ಬಡಾವಣೆಯಲ್ಲಿರುವ ನನ್ನ ಅಣ್ಣನೂ ಬಂದ. ಯಾಕೆ ಬಂದಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ನೆಂಟರೆಂದು ನಾನೇ ಅವಲಕ್ಕಿ ಒಗ್ಗರಣೆ ಹಾಕಿ, ಚಹಾ ಕಾಸಿ ತಂದುಕೊಟ್ಟೆ. ನನ್ನ ನ್ಯಾಯಕ್ಕೆ ನನ್ನದೇ ಚಹಾ!

ಸೋದರಮಾವ ಗಂಟಲು ಸರಿಮಾಡಿಕೊಂಡರು. "ಯವ್ವಾ, ಗಂಡನ ಹಾಸಿಗಿ ಬಿಟ್ಟು ಹೊರಗ ಬಂದು ಕುಂದರೂವಂಥಾದ್ದು ಏನಾಗೇತಿ? ಇದ್ದದ್ದು ಇದ್ದಂಗ ಹೇಳು. ನಾವು ಹಿರೇರದೀವಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಮೈಯೆಲ್ಲ ಉರಿಯಿತು. ಅದೇ ಹಾಸಿಗೆಯಲ್ಲಿ ವರ್ಷಗಟ್ಟಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾಗ ಒಬ್ಬರೂ ಏನಾಯಿತೆಂದು ಕೇಳಲಿಲ್ಲ. ಹೊಲಕ್ಕೆ ಬಿದ್ದು ಮೊಣಕೈ ತರಚಿಕೊಂಡು ಬಂದಾಗಲೂ ಯಾವ ಹಿರಿಯರೂ ಕೂಡಲಿಲ್ಲ. ಎದ್ದು ಹೊರಗೆ ಕೂತದ್ದೇ ತಡ, ಎಲ್ಲರಿಗೂ ಬಸ್ಸು ಸಿಕ್ಕಿತು.

"ನಿದ್ದಿ ಬರಲಿ ಅಂತನ ಏಳತೇನ್ರಿ ಮಾಮಾರ. ಡಾಕ್ಟರ್ ಹಚ್ಚಿಕೊಟ್ಟ ಹುಡುಗಿ ಫೋನಿನ್ಯಾಗ ಹೇಳ್ಯಾಳ," ಎಂದೆ.

"ನಿದ್ದಿ ಬರಾಕ ಯಾರರ ಹಾಸಿಗಿ ಬಿಟ್ಟು ಏಳತಾರೇನು?" ಎಂದು ಸೋದರಮಾವ ನಕ್ಕರು. "ಫೋನಿನ್ಯಾಗಿನ ಹುಡುಗಿ ಹೇಳಿದಳಂತ ಸಂಸಾರ ಕೆಡಸ್ಕೊಂತಾರೇನವಾ?" ನನ್ನ ಅಣ್ಣನೂ ಮೀಸೆಯಡಿಯಲ್ಲಿ ನಕ್ಕ. ಅವನ ತಲೆಗೆ ಎರಡು ಕುಟ್ಟಬೇಕೆನಿಸಿತು.

ಗಂಡನ ಕಡೆ ತಿರುಗಿದೆ. "ನೀವರ ಹೇಳ್ರಿ. ನಿಮಗೆಲ್ಲಾ ಗೊತ್ತೈತಿ."

ಅವರು ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಿನ್ನುತ್ತ, "ಹಿರೇರು ಹೇಳಾಕತ್ತಾರ, ಸ್ವಲ್ಪ ಕೇಳು," ಎಂದರು.

ಹಾಳಾದ ಶೇಂಗಾ! ಆ ತಟ್ಟೆ ಕಸಿದುಕೊಂಡು ಟೀಪಾಯಿಯ ಮೇಲೆ ಕುಕ್ಕಿದೆ. "ಈ ಮನಷ್ಯಾ ಮಲಗಿದ್ರ ಮುಂಜಾನೀಗೇ ಏಳೂದು. ನಾ ಬಾಜೂಕ ಅದೀನೋ ಇಲ್ಲೋ ಇವರಿಗೇ ಗೊತ್ತಿರಂಗಿಲ್ಲ. ನಿಮಗ ಯಾರು ಹೇಳಿದ್ರು?"

ಎಲ್ಲರ ಕಣ್ಣೂ ಅತ್ತೆಯ ಕಡೆ ಹೋದವು. ಹಣೆತುಂಬ ವಿಭೂತಿ ಹಚ್ಚಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವರು ಸೆರಗು ಸರಿಮಾಡಿಕೊಂಡರು.

"ನಾನೇ ಹೇಳೇನಿ. ದಿನಾ ನೋಡತೇನಿ. ಬರ್ತಿ, ದೀಪಾ ಹಚ್ಚತಿ, ಕುಂದರ್ತಿ, ಹೋಗ್ತಿ. ನಡುರಾತ್ರ್ಯಾಗೂ ನೋಡೇನಿ, ನಸುಕಿನ್ಯಾಗೂ ನೋಡೇನಿ."

"ಹಂಗಾರ ನೀವು ಯಾವಾಗ ಮಲಗತೀರಿ?"

ಸಿಟ್ಟಿನಲ್ಲೇ ಕೇಳಿದ್ದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ನನಗೇನು ನಿದ್ದಿ ಬರತೈತಿ ಅಂತ ತಿಳದೀಯೇನು? ನಿನ್ನ ಗಂಡ ಹುಟ್ಟಿದಾಗಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ ನನಗ. ನಾ ಒಂದಿನಾರ ಎದ್ದು ಹೊರಗ ಕುಂತೇನೇನು?"

ನಿದ್ದೆ ಬಾರದ ರಾತ್ರಿ ಎಂದರೇನೆಂದು ಆ ಮನೆಯಲ್ಲಿ ನನ್ನಷ್ಟೇ ಬಲ್ಲವರು ಅವರೊಬ್ಬರೇ. ಪರದೆಯ ಆಚೆ ಎಚ್ಚರವಿದ್ದುಕೊಂಡೇ ನನ್ನನ್ನು ನೋಡುತ್ತಿದ್ದರು. ಬೆಳಗಾದ ಮೇಲೆ ಫೋನು ಮಾಡಿ ಇವರನ್ನು ಕರೆಸಿದವರೂ ಅವರೇ. ನನಗೆ ಕನಿಕರ ಬರಬೇಕಿತ್ತೋ ಏನೋ, ಬರಲಿಲ್ಲ.

"ಮತ್ತ ಯಾಕ ಏಳಲಿಲ್ಲ ಅತ್ತೀ? ಏಳಬೇಕಿತ್ತಲ್ಲ!" ಎಂದು ಕೂಗಿದೆ.

ಅತ್ತೆ ತಮ್ಮ ಅಣ್ಣನ ಕಡೆ ತಿರುಗಿದರು.

"ಎದ್ದಿದ್ರ ಇವ್ರೆಲ್ಲಾ ಬರತಿದ್ರು," ಎಂದರು.

ಸೋದರಮಾವ ಕಪ್ಪು ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಒಡಹುಟ್ಟಿದ ಅಣ್ಣ ಊಟ ಮಾಡದೆ ಹೊರಟರೂ ಅತ್ತೆ ಕುಂದರು ಅನ್ನಲಿಲ್ಲ.