ಏಳನೆಯ ಬೇಡಿಕೆ

ಕಾರ್ಮಿಕ ಸಂಘದಿಂದ ಈಗಲೂ ಏನಾದರೂ ಪ್ರಯೋಜನವಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಇಲ್ಲ ಎನ್ನಲಾರೆ. ಅಂಬತ್ತೂರಿನ ನನ್ನ ಎರಡು ಕೋಣೆಯ ಮನೆ, ಮಗಳ ಓದು, ಎಲ್ಲ ಸಂಘದ ಕೃಪೆಯೇ. ಉಂಡ ಮನೆಗೆ ಎರಡು ಬಗೆಯಬಾರದು. ಆದರೆ ಆ ಊಟದಲ್ಲಿ ಇನ್ನೊಬ್ಬರ ಪಾಲೂ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯದಿಂದ ಬಂದು ಇಲ್ಲಿನ ಒಂದು ಬಿಡಿಭಾಗಗಳ ಕಾರ್ಖಾನೆ ಸೇರಿದಾಗ ನನಗೆ ಪ್ರೆಸ್ ಮೆಷಿನ್ ಕಲಿಸಿದವರು ಹೊಸೂರು ಕಡೆಯ ಒಬ್ಬ ಕನ್ನಡದವರು. ಅಣ್ಣ ಎನ್ನುತ್ತಿದ್ದೆ. ತಗಡನ್ನು ಎಲ್ಲಿ ಹಿಡಿದರೆ ಬೆರಳು ಉಳಿಯುತ್ತದೆ ಎಂದು ಕೈ ಹಿಡಿದು ತೋರಿಸಿದವರು. ಐಟಿಐ ಸರ್ಟಿಫಿಕೇಟ್ ಇದ್ದ ನಾನು ಎರಡೇ ವರ್ಷಕ್ಕೆ ಕಾಯಂ ಆದೆ. ಹನ್ನೊಂದು ವರ್ಷ ಅದೇ ಮೆಷಿನ್ನಿನಲ್ಲಿ ದುಡಿದ ಅವರು ಕಂಟ್ರಾಕ್ಟರನ ಆಳಾಗಿಯೇ ಉಳಿದರು. ಕಾಯಂ ಆದವರಿಗಷ್ಟೇ ಸಂಘದ ಸದಸ್ಯತ್ವ.

ಇಂಗ್ಲಿಷ್ ಚೆನ್ನಾಗಿ ಬರೆಯುತ್ತಾನೆಂದು ನನ್ನನ್ನು ಸಂಘದ ಕಮಿಟಿಗೆ ಹಾಕಿಕೊಂಡರು. ಆ ವರ್ಷ ಆಡಳಿತದ ಮುಂದಿಟ್ಟ ಬೇಡಿಕೆಗಳ ಪಟ್ಟಿ ಬರೆದವನು ನಾನೇ. ಕಂಟ್ರಾಕ್ಟ್ ಕೆಲಸಗಾರರನ್ನು ಕಾಯಂ ಮಾಡಬೇಕು ಎಂಬುದು ಏಳನೆಯದು. ಅಣ್ಣನಿಗೆ ಓದಿ ಹೇಳಿದಾಗ "ಇನ್ನೊಂದ್ ದಪ ಓದು ತಮ್ಮಾ" ಅಂದರು.

ಮುಷ್ಕರ ಹತ್ತೊಂಬತ್ತು ದಿನ ನಡೆಯಿತು. ಅಣ್ಣನೂ ಅವರ ಜೊತೆಯವರೂ ನಮ್ಮೊಂದಿಗೆ ಗೇಟಿನೆದುರು ಬಿಸಿಲಲ್ಲಿ ಕೂತರು. ಅವರು ಒಳಗೆ ಹೋಗಿ ಮೆಷಿನ್ ಓಡಿಸಿದ್ದರೆ ನಮ್ಮ ಪೌರುಷ ಮೂರು ದಿನಕ್ಕೇ ಮುಗಿಯುತ್ತಿತ್ತು.

ಇಪ್ಪತ್ತನೆಯ ದಿನ ಮಾತುಕತೆಗೆ ಕರೆದರು. ಏಳನೆಯದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಒಪ್ಪಿಗೆ ಎಂದರು ಮ್ಯಾನೇಜರು. ನಮ್ಮ ಅಧ್ಯಕ್ಷರು ತಮಿಳಿನಲ್ಲಿ "ಅಡುತ್ತ ತಡವೆ ಪಾತ್ತುಕ್ಕಲಾಂ" ಅಂದರು, ಮುಂದಿನ ಸಲ ನೋಡಿಕೊಳ್ಳೋಣ ಅಂತ. ಎಲ್ಲರ ಮನೆಯಲ್ಲೂ ಅಕ್ಕಿ ಮುಗಿದಿತ್ತು, ನಿಜ. ಅಣ್ಣನ ಮನೆಯಲ್ಲೂ ಮುಗಿದಿತ್ತು. ಪೆನ್ನು ನನ್ನ ಕೈಯಲ್ಲಿತ್ತು. ಆ ಸಾಲಿನ ಮೇಲೆ ಗೀಟು ಎಳೆದವನು ನಾನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ಅವರ ಕೈಗೆ, ಮೊಸರು ನಮ್ಮ ಬಾಯಿಗೆ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲಸ ಮತ್ತೆ ಶುರುವಾದ ಸೋಮವಾರ ಹೊಸ ಕಂಟ್ರಾಕ್ಟರನ ಆಳುಗಳು ಗೇಟಿನಲ್ಲಿ ಸಾಲುಗಟ್ಟಿದ್ದರು. ಹಳಬರನ್ನು ವಾಚ್‌ಮನ್ ಒಳಗೆ ಬಿಡಲಿಲ್ಲ. ನನ್ನನ್ನು ಕಂಡದ್ದೇ ಅಣ್ಣ ಹತ್ತಿರ ಬಂದರು. ಗೀಟಿನ ವಿಷಯ ಅವರಿಗಿನ್ನೂ ಗೊತ್ತಿರಲಿಲ್ಲ.

"ತಮ್ಮಾ, ಏನೋ ತಪ್ಪಾಗಿ ನಮ್ಮನ್ನ ನಿಲ್ಸವ್ರೆ. ನೀನು ಕಮಿಟಿಯೋನು, ಸಂಘದಾಗೆ ಒಂದ್ ಮಾತು ಹೇಳಿ ಒಳಗೆ ಬಿಡಿಸು."

"ನೀವು ಮೆಂಬರ್ ಅಲ್ವಲ್ಲಣ್ಣ" ಅಂದೆ, ಅವರ ಮುಖ ನೋಡದೆ.

ಅಷ್ಟರಲ್ಲಿ ಸೈರನ್ ಆಯಿತು. ಅವರು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

"ಸರಿ, ನೀನು ಹೋಗು ತಮ್ಮಾ. ಲೇಟಾದ್ರೆ ಅರ್ಧ ದಿನ ಕಟ್ ಮಾಡ್ತಾರೆ."

ನಾನು ಹೋದೆ.