ಕ್ರಿಸ್ಮಸ್ ಅಜ್ಜನಿಗೆ ಬಂದ ಡಬ್ಬಿ

ಹಾನಗಲ್ಲಿನ ಹೊರಗೆ ಒಂದು ಮಿಶನ್ ದವಾಖಾನೆಯಿತ್ತು. ಅದರ ಕಾವಲುಗಾರ ಗಿರಿಯಪ್ಪ ವರ್ಷಕ್ಕೊಂದು ದಿನ ಕ್ರಿಸ್ಮಸ್ ಅಜ್ಜನಾಗುತ್ತಿದ್ದ, ಉಳಿದ ದಿನ ಹೆಂಡತಿಯನ್ನು ಬಡಿಯುತ್ತಿದ್ದ. ಹಾಗೆಂದರೂ ತಪ್ಪಾದೀತು, ಕ್ರಿಸ್ಮಸ್ ದಿನವೂ ಅವನು ಬಿಟ್ಟವನಲ್ಲ. ಅಂದು ಕೆಂಪು ನಿಲುವಂಗಿಯ ಮೇಲೆ ಬಿಗಿಯುತ್ತಿದ್ದ ಅಗಲವಾದ ಕರಿ ಬೆಲ್ಟು ಬೇರೆಯದೇನಲ್ಲ, ಹೆಂಡತಿ ಅಡಿವೆವ್ವನ ಬೆನ್ನಿಗೆ ಚೆನ್ನಾಗಿ ಪರಿಚಯವಿದ್ದ ಬೆಲ್ಟೇ.

ಆದರೂ ಅಜ್ಜನ ವೇಷದಲ್ಲಿ ಅವನಿಗೆ ಸಾಟಿಯಿರಲಿಲ್ಲ, ಇದನ್ನು ಒಪ್ಪಲೇಬೇಕು. ಗಾಯಕ್ಕೆ ಕಟ್ಟುವ ಹತ್ತಿಯಿಂದ ಗಡ್ಡ, ಅದನ್ನು ಅಂಟಿಸಲು ಜಾಲಿಯ ಗೋಂದು, ಹೊಟ್ಟೆಗೆ ವಾರ್ಡಿನ ದಿಂಬು, ಕಾಲಿಗೆ ತೋಟದ ಮಾಲಿಯ ರಬ್ಬರ್ ಬೂಟು. ವರಾಂಡದಲ್ಲಿ ಧಪಧಪ ಹೆಜ್ಜೆ ಹಾಕುತ್ತ ಪೆಪ್ಪರಮಿಂಟು ತೂರಿದನೆಂದರೆ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರೂ ಹೊಲಿಗೆ ಹಿಡಿದುಕೊಂಡು ನಗುತ್ತಿದ್ದರು. ದವಾಖಾನೆ ನಡೆಸುತ್ತಿದ್ದ ಸಿಸ್ಟರ್ ಫಿಲೋಮಿನಾ "ನಮ್ಮ ಗಿರಿಯಪ್ಪನದು ಮಗುವಿನ ಮನಸ್ಸು" ಎನ್ನುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಅವರ ಕಿವಿಗೆ ಬಿದ್ದಿರಲಿಲ್ಲವೋ ಏನೋ.

ಅಡಿವೆವ್ವ ಹತ್ತಿಮತ್ತೂರಿನವಳು, ಅದೇ ದವಾಖಾನೆಯ ಹೆರಿಗೆ ಕೋಣೆಯಲ್ಲಿ ಆಯಾ. ಸುತ್ತಲಿನ ಹೆಂಗಸರ ಬೇನೆಗೆಲ್ಲ ಸೊಂಟ ಹಿಡಿದು ಕೂತವಳು. ಅವಳನ್ನು ಬಡಿಯಲು ಗಂಡನಿಗೆ ಕಾರಣ ಬೇಕೇ? ರೊಟ್ಟಿ ಆರಿತೆಂದು ಒಮ್ಮೆ, ಬಿಸಿಯಾಗಿ ನಾಲಗೆ ಸುಟ್ಟಿತೆಂದು ಒಮ್ಮೆ. ಕ್ವಾರ್ಟರ್ಸಿನ ಗೋಡೆ ತೆಳುವಾದ್ದರಿಂದ ಮೊದಲು ಅವಳ ಬಾಯಿಗೆ ಟವೆಲ್ಲು ತುರುಕುತ್ತಿದ್ದ. ಆಮೇಲೆ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಗುದ್ದಿಸುತ್ತಿದ್ದ. ಬೆಲ್ಟಿನ ಹಿತ್ತಾಳೆ ಕೊಂಡಿ ಬಿದ್ದಲ್ಲಿ ಚರ್ಮ ಕಿತ್ತು ಬರುತ್ತಿತ್ತು. ಮುಖವನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಮರುದಿನ ನಾಲ್ಕು ಜನ ನೋಡುವ ಮುಖ ಅದು. ಪೆಟ್ಟಿಗೆ ಅವಳು ಕೈ ಅಡ್ಡ ಹಿಡಿದಾಗ ಬಳೆಗಳು ಒಡೆದು ನೆಲದ ತುಂಬ ಚೆಲ್ಲುತ್ತಿದ್ದವು.

ಎಪ್ಪತ್ತೇಳರ ಮಳೆಗಾಲದಲ್ಲಿ, ಅವಳು ಐದು ತಿಂಗಳ ಬಸುರಿ ಇದ್ದಾಗ, ಗಿರಿಯಪ್ಪ ಹೊಟ್ಟೆಗೆ ಒದ್ದ. ನಿತ್ಯ ಬೇರೆಯವರನ್ನು ಮಲಗಿಸುತ್ತಿದ್ದ ಮಂಚದ ಮೇಲೆ ಅವಳೇ ರಕ್ತದಲ್ಲಿ ಬಿದ್ದುಕೊಂಡಳು. ಕೂಸು ಹೋಯಿತು. ಗಿರಿಯಪ್ಪ ಪಕ್ಕದಲ್ಲಿ ನಿಂತು ಅಳುತ್ತಿದ್ದ.

"ಒಗಿಯೋ ಕಲ್ಲಿನ ಮ್ಯಾಲೆ ಜಾರಿ ಬಿದ್ಲರಿ ಸಿಸ್ಟರಮ್ಮಾ," ಎಂದ.

"ಸುಳ್ಳರಿ. ಒದ್ದಾನ್ರಿ," ಎಂದಳು ಅಡಿವೆವ್ವ.

ಸಿಸ್ಟರ್ ಅವಳ ಹಣೆ ಮುಟ್ಟಿ ನೋಡಿದರು. "ಜ್ವರ ಬಂದಿದೆ. ಜ್ವರದಲ್ಲಿ ಏನೇನೋ ಮಾತಾಡ್ತಾ ಇದ್ದೀಯ. ಗಿರಿಯಪ್ಪ ಅಂಥವನಲ್ಲಮ್ಮ."

ಕಂಪೌಂಡರ್ ಕರಿಬಸಪ್ಪ ಔಷಧಿಯ ಬಾಟಲಿ ಅಲ್ಲಾಡಿಸುತ್ತ, "ಇರ್ಲಿ ಬಿಡಬೇ, ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ," ಎಂದ. ಈ ಗಾದೆ ಕಟ್ಟಿದವನು ಉಂಡಿರಬಹುದು, ಮಲಗಿರಬಹುದು, ಪೆಟ್ಟನ್ನಂತೂ ತಿಂದವನಲ್ಲ.

ಅವಳನ್ನು ನಂಬಿದವಳು ಒಬ್ಬಳೇ, ಸವಣೂರಿನಿಂದ ಬಳೆಯ ಬುಟ್ಟಿ ಹೊತ್ತು ಬರುತ್ತಿದ್ದ ಹಾಜರಾಬಿ. ಊದಿದ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ಬಳೆ ಏರಿಸುತ್ತ, "ಮತ್ತ ಒಡದ್ವೇನ? ನಿನ್ನ ಗಂಡನಿಂದ ನನ್ನ ವ್ಯಾಪಾರ ಭಾಳ ಚಲೋ ನಡದೈತಿ. ಇಂಥಾ ವ್ಯಾಪಾರಕ್ಕ ಬೆಂಕಿ ಹಚ್ಚಲಿ," ಎಂದು ಬೈಯುತ್ತಿದ್ದಳು.

ಕೂಸು ಹೋದ ದಿನ ಒಡೆದ ಬಳೆಚೂರುಗಳನ್ನು ಕಸಕ್ಕೆ ಚೆಲ್ಲಲು ಅಡಿವೆವ್ವನಿಗೆ ಮನಸ್ಸಾಗಿರಲಿಲ್ಲ. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ಜೋಳದ ಗಡಿಗೆಯ ಹಿಂದೆ ಇಟ್ಟಿದ್ದಳು. ಆಮೇಲೆ ಪ್ರತಿ ಸಲವೂ ಹಾಗೇ ಮಾಡಿದಳು. ಕೆಲವು ಚೂರಿಗೆ ರಕ್ತ ಅಂಟಿ ಒಣಗಿತ್ತು. ಡಬ್ಬಿ ಕಂಠಮಟ ತುಂಬಿತು.

ಎಪ್ಪತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ಅವಳು ಮತ್ತೆ ಬಸುರಿ. ಕ್ರಿಸ್ಮಸ್ ಹತ್ತಿರ ಬಂದಿತ್ತು. ಒಂದು ದಿನ ಗಿರಿಯಪ್ಪ ಅವಳನ್ನು ನೆಲಕ್ಕೆ ಕೆಡವಿ ಹೊಟ್ಟೆಯ ಮೇಲೆ ಪಾದವಿಟ್ಟ. ತುಳಿಯಲಿಲ್ಲ, ನಕ್ಕ.

"ಈ ಸಲಾನೂ ಕಲ್ಲಿನ ಮ್ಯಾಲೆ ಜಾರ್ತಿ ಏನ?"

ಅಡಿವೆವ್ವನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ದೊಡ್ಡ ಹೆದರಿಕೆ ಬಂತು. ತವರಿಗೆ ಹೋದರೆ ಅಣ್ಣ ಮರುದಿನದ ಬಸ್ಸಿಗೇ ತಿರುಗಿ ಹತ್ತಿಸುತ್ತಿದ್ದ. ಈ ಕೂಸು ಉಳಿಯಬೇಕಾದರೆ ಗಂಡ ದವಾಖಾನೆ ಕೊಟ್ಟ ಆ ಮನೆ ಬಿಟ್ಟು ಹೋಗಬೇಕು, ಅವನು ಹೋಗಬೇಕಾದರೆ ಸಿಸ್ಟರ್ ಅವಳ ಮಾತು ನಂಬಬೇಕು. ಬೇರೆ ದಾರಿ ಅವಳಿಗೆ ಕಾಣಲಿಲ್ಲ.

ದವಾಖಾನೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸದವರೆಲ್ಲರ ಹೆಸರಿನ ಚೀಟಿಗಳನ್ನು ಬೋಗುಣಿಯಲ್ಲಿ ಹಾಕಿ ಎತ್ತುವುದು, ಯಾರ ಹೆಸರು ಬಂತೋ ಅವರಿಗೆ ಕ್ರಿಸ್ಮಸ್ ದಿನ ಉಡುಗೊರೆ ಕೊಡುವುದು. ಉಡುಗೊರೆ ಬಂದವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಸಪ್ಪಳ ಕೇಳಿ ಒಳಗೇನಿದೆಯೆಂದು ಕೂತವರು ಹೇಳಬೇಕು, ಆಮೇಲೆ ಎಲ್ಲರೆದುರೇ ಬಿಚ್ಚಬೇಕು. ಅಡಿವೆವ್ವನಿಗೆ ಓದಲು ಬಾರದು, ಅವಳ ಚೀಟಿಯನ್ನು ಕರಿಬಸಪ್ಪ ಓದಿದ.

"ಯವ್ವಾ, ನಿನ್ನ ಗಂಡನ ಹೆಸರ ಬಂದೈತಲ್ಲ! ಏನ್ ಕೊಡ್ತಿ?"

"ಅವರು ನನಗ ಕೊಟ್ಟಿದ್ದನ್ನ ತಿರುಗಿ ಕೊಡ್ತೇನಿ," ಎಂದಳು.

ಕರಿಬಸಪ್ಪ ಅದನ್ನು ಸರಸವೆಂದು ತಿಳಿದು ಕಂಡಕಂಡವರಿಗೆ ಹೇಳಿ ನಕ್ಕ.

ಕ್ರಿಸ್ಮಸ್ ಸಂಜೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಎಲ್ಲರೂ ಕೂತರು. ಅಡಿವೆವ್ವ ಹಾಜರಾಬಿಯನ್ನೂ ಕರೆಸಿ ಹೆಂಗಸರ ನಡುವೆ ಕೂರಿಸಿದ್ದಳು. ಮೊದಲು ಸಿಸ್ಟರ್ ಮಕ್ಕಳನ್ನು ಕೇಳಿದರು, "ಕ್ರಿಸ್ಮಸ್ ಅಜ್ಜನ ಗಾಡಿ ಎಳೆಯುವುದು ಯಾವ ಪ್ರಾಣಿ?"

"ಎತ್ತು!" ಎಂದು ಮಕ್ಕಳು ಕೂಗಿದವು.

"ಅಲ್ಲ, ಒಂದು ಜಾತಿಯ ಜಿಂಕೆ."

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಮುದುಕ, "ಜಿಂಕಿಗೆ ನೊಗಾ ಹೂಡ್ಯಾನ? ಅಂವನ್ನ ನಮ್ಮ ಹೊಲಕ್ಕ ಕಳಸ್ರಿ, ಅಲ್ಲೆ ಹಿಂಡಗಟ್ಲೆ ಮೇಯಾಕತ್ತಾವು," ಎಂದ. ಸಿಸ್ಟರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಉಡುಗೊರೆಗಳು ಶುರುವಾದವು. ಬೋಳುತಲೆಯ ಕರಿಬಸಪ್ಪನಿಗೆ ತಲೆ ಬಾಚುವ ಹಣಿಗೆ ಬಂತು. ಅಡಿಗೆಯ ಮುದುಕಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ, ಅವಳಿಗೆ ಬಣ್ಣದ ಕಾಗದ ಸುತ್ತಿದ ಕಬ್ಬು ಬಂತು.

ಕೊನೆಗೆ ಅಜ್ಜನ ಸರದಿ. ಡಬ್ಬಿಯನ್ನು ಅಲ್ಲಾಡಿಸಿದ, ಘಲ್ಲೆಂದಿತು.

"ಗೋಲಿ!"

"ಪೆಪ್ಪರಮಿಂಟು!"

"ಚಿಲ್ಲರ ರೊಕ್ಕ! ಹೆಂಡ್ತಿ ಕೂಡಿಟ್ಟಾಳ!"

ಗಿರಿಯಪ್ಪ ದಿಂಬಿನ ಹೊಟ್ಟೆ ಕುಣಿಸುತ್ತ ಮತ್ತೆ ಮತ್ತೆ ಅಲ್ಲಾಡಿಸಿದ. ಗಂಡಸರು, ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಂಗಸರು ಮಾತ್ರ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಸಪ್ಪಳ ಅವರಿಗೆ ಗುರುತಿತ್ತು.

ಗಿರಿಯಪ್ಪ ಮುಚ್ಚಳ ತೆಗೆದು, ಮಕ್ಕಳಿಗೆ ಹಂಚುವವನಂತೆ ಜಮಖಾನೆಯ ಮೇಲೆ ಸುರಿದ. ಹಸಿರು, ಕೆಂಪು, ಕರಿ ಬಳೆಚೂರುಗಳು ರಾಶಿಯಾಗಿ ಬಿದ್ದವು.

"ಏನಿದು?" ಎಂದರು ಸಿಸ್ಟರ್.

ಅಡಿವೆವ್ವ ಎದ್ದು ನಿಂತಳು. "ನನ್ನ ಬಳಿರಿ. ಮೊದಲನೇ ಕೂಸ ಹೋದ ದಿವಸದಿಂದ ಇಂವ ಬಡದು ಒಡದಿದ್ದು. ಅವತ್ತ ನೀವು ಜ್ವರಾ ಅಂದ್ರಿ. ಈಗ ಹಣಿ ಮುಟ್ಟಿ ನೋಡ್ರಿ, ಜ್ವರಿಲ್ಲ."

ಹಾಜರಾಬಿ ಒಂದು ಚೂರನ್ನು ಎತ್ತಿ ಹಿಡಿದಳು. "ಎಲ್ಲಾ ನಾನ ಇಡಿಸಿದ ಬಳಿರಿ. ಇದ್ರ ಮ್ಯಾಲಿನ ರಗತಾನೂ ಇವಳದ."

ಗಿರಿಯಪ್ಪನಿಗೆ ತಾನು ವೇಷದಲ್ಲಿರುವುದೇ ಮರೆತುಹೋಯಿತು. "ಹಲ್ಕಟ್, ಮಂದ್ಯಾಗ ನನ್ನ ಮಾನಾ ತಗೀತಿ?" ಎಂದು ಸೊಂಟದ ಬೆಲ್ಟು ಸೆಳೆದ. ಮೊದಲ ಪೆಟ್ಟು ಅವಳ ಭುಜಕ್ಕೆ ಬಿತ್ತು. ಎರಡನೆಯದು ಕಿವಿಗೆ ಬಿದ್ದು, ಓಲೆ ಕಿತ್ತು ರಕ್ತ ಚಿಮ್ಮಿತು. ಮಕ್ಕಳು ಕಿಟಾರನೆ ಚೀರಿದವು. ಅಜ್ಜ ಬಡಿಯುವುದನ್ನು ಅವು ಎಂದೂ ಕಂಡಿರಲಿಲ್ಲ. ಮೂರನೆಯ ಪೆಟ್ಟು ಹೊಟ್ಟೆಯ ಕಡೆಗೆ ಬಂತು. ಅದನ್ನು ಅವಳು ಅಂಗೈಯಲ್ಲಿ ಹಿಡಿದಳು. ಕೊಂಡಿ ಅಂಗೈಗೆ ನಾಟಿದರೂ ಬಿಡದೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ರಬ್ಬರ್ ಬೂಟು ಬಳೆಚೂರಿನ ಮೇಲೆ ಜಾರಿ ಅಜ್ಜ ಮುಖ ಅಡಿಯಾಗಿ ಬಿದ್ದ. ಗಾಜು ಗದ್ದಕ್ಕೂ ಗಲ್ಲಕ್ಕೂ ನೆಟ್ಟು ಹತ್ತಿಯ ಗಡ್ಡ ಕೆಂಪಾಯಿತು.

ಆಮೇಲೆ ಹೆಂಗಸರು ಅವನ ಮೇಲೆ ಮುಗಿಬಿದ್ದರು. ಹಲ್ಲಿಲ್ಲದ ಮುದುಕಿ ತನಗೆ ಬಂದ ಕಬ್ಬಿನಿಂದ, ಕಬ್ಬು ಮುರಿಯುವ ತನಕ ಬಾರಿಸಿದಳು. ಹಾಜರಾಬಿ ಕಾಲಿನ ಚಪ್ಪಲಿ ತೆಗೆದಳು. ಅಡಿವೆವ್ವ ಬೆಲ್ಟನ್ನು ತಿರುವಿ ಹಿಡಿದು ಕೊಂಡಿಯ ಕಡೆಯಿಂದಲೇ ಬೀಸಿದಳು. ನಿಲುವಂಗಿ ಹರಿಯಿತು, ದಿಂಬು ಒಡೆದು ಹತ್ತಿ ಹಾರಿತು, ಒಳಗಿನ ಬೆನ್ನು ಸಿಕ್ಕಿತು. ಅವನು "ಯವ್ವಾ, ಸತ್ನೆಪೋ" ಎಂದು ಕೂಗಿದಾಗ ಅವಳಿಗೆ ಕರುಣೆ ಬರಲಿಲ್ಲ, ಸುಖವಾಯಿತು. ಸುಖವಾದದ್ದಕ್ಕೆ ಹೆದರಿಕೆಯಾಯಿತು. ಆಗ ಬೆಲ್ಟು ಕೆಳಗೆ ಬಿಟ್ಟಳು.

ಸಿಸ್ಟರ್ ಗಿರಿಯಪ್ಪನ ಮುಖದ ಗಾಜನ್ನು ತಾವೇ ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಮುಗಿದ ಮೇಲೆ ಮನೆಯ ಕೀಲಿಕೈ ಕಸಿದುಕೊಂಡು ಗೇಟಿನಾಚೆ ನಡೆ ಎಂದರು. ಅಡಿವೆವ್ವನ ಕಿವಿಗೆ ಔಷಧಿ ಹಚ್ಚುತ್ತ, "ನನ್ನದು ತಪ್ಪಾಯ್ತಮ್ಮ," ಎಂದು ಅತ್ತರು. ಅಜ್ಜನ ಮುಖಕ್ಕೆ ಏನಾಯಿತೆಂದು ಹೊರಗಿನವರು ಕೇಳಿದರೆ ಹೆಂಗಸರದು ಒಂದೇ ಉತ್ತರ: "ಒಗಿಯೋ ಕಲ್ಲಿನ ಮ್ಯಾಲೆ ಜಾರಿ ಬಿದ್ದಾನ್ರಿ."

ಮರುದಿನ ಹಾಜರಾಬಿ ಅಡಿವೆವ್ವನ ಎರಡೂ ಕೈತುಂಬ ಹಸಿರು ಬಳೆ ಇಡಿಸಿ ದುಡ್ಡು ಬೇಡವೆಂದಳು. ಗಿರಿಯಪ್ಪ ಹಿರೇಕೆರೂರಿನ ಕಡೆ ಹೋದನೆಂದು ಸುದ್ದಿ ಬಂತು. ಒಮ್ಮೆ ಕುಡಿದು ಗೇಟಿನ ತನಕ ಬಂದಿದ್ದ, ಅಡಿಗೆಯ ಮುದುಕಿಯನ್ನು ಕಂಡು ಹಾಗೇ ತಿರುಗಿದ. ಯುಗಾದಿ ಕಳೆದ ಮೇಲೆ ಅಡಿವೆವ್ವನಿಗೆ ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಗಂಡನನ್ನು ಓಡಿಸಿದವಳಿಗೆ ಬಳೆ ಯಾಕೆಂದು ಕೆಲವರು ಆಡಿಕೊಂಡರು. "ನನ್ನ ಕೈಗೆ," ಎಂದಳು.

ಮುಂದಿನ ಕ್ರಿಸ್ಮಸ್ಸಿಗೆ ಅಜ್ಜನಾಗಲು ಗಂಡಸರು ಯಾರೂ ಒಪ್ಪಲಿಲ್ಲ. ಕೆಂಪು ನಿಲುವಂಗಿ ಕಂಡರೆ ಸಾಕು, ಕಾಂಪೌಂಡಿನ ಮಕ್ಕಳು ಓಡಿಹೋಗುತ್ತಿದ್ದವು. "ನಾ ಹಾಕ್ಕೋತೇನಿ, ಕೊಡ್ರಿ," ಎಂದಳು ಅಡಿವೆವ್ವ. ರಕ್ತದ ಕಲೆಗಳನ್ನು ತಾನೇ ತಿಕ್ಕಿ ಒಗೆದಳು, ಹರಿದಲ್ಲಿ ಹೊಲಿದಳು. ಬೆಲ್ಟಿನ ಬದಲು ಹಳೆಯ ಸೀರೆಯ ಅಂಚನ್ನು ಸೊಂಟಕ್ಕೆ ಕಟ್ಟಿದಳು.

ಅವಳು ವರಾಂಡಕ್ಕೆ ಬಂದಾಗ ಮಕ್ಕಳು ಕಂಬದ ಮರೆಯಿಂದ ಹೊರಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹುಡುಗಿ ಮೆಲ್ಲಗೆ ಬಂದು ಅಜ್ಜನ ಕೈ ಮುಟ್ಟಿ ನೋಡಿತು.

"ಅಜ್ಜಾ, ನಿನ್ನ ಕೈಯಾಗ ಬಳಿ ಯಾಕದಾವು?"

ಅಡಿವೆವ್ವ ಕುಕ್ಕುರುಗಾಲಲ್ಲಿ ಕೂತು ತೋಳನ್ನು ಮೊಣಕೈ ತನಕ ಏರಿಸಿ ತೋರಿಸಿದಳು.

"ಹ್ವಾದ ಕ್ರಿಸ್ಮಸ್ಸಿಗೆ ಇಟಗೊಂಡಿದ್ದು, ಮಗಾ. ನೋಡ, ಒಂದೂ ಒಡದಿಲ್ಲ."