ಕಾಡು ಕೋಕೊ ಮರಕ್ಕೆ ಮುಖ ತೊಳೆಸಿದ್ದು

ನಮ್ಮೂರಿನ ಸೊರಾಯ್ದಾ ಯಾಯ್ಕಾತೆ ಇಪ್ಪತ್ತೆರಡು ವರ್ಷದಿಂದ ಕಾಡುಮರಗಳ ಚಿತ್ರ ಬರೆಯುತ್ತಿದ್ದಾಳೆ. ಪಟ್ಟಣದ ಸಸ್ಯಶಾಸ್ತ್ರಜ್ಞರು ಒಣಗಿಸಿದ ಎಲೆಗಳ ಜೊತೆ ಅವಳ ಹಾಳೆಗಳನ್ನೂ ಜೋಪಾನವಾಗಿಡುತ್ತಾರೆ. ಎಲೆಯೊಂದರ ಹಿಂಬದಿ ನೋಡುವುದು ಮರೆತುಹೋಯಿತೆಂದು ಒಮ್ಮೆ ನನ್ನ ದೋಣಿಯನ್ನು ಅರ್ಧ ದಿನದ ದಾರಿ ವಾಪಸು ತಿರುಗಿಸಿದ್ದಳು.

ನಾಪೋ ನದಿಯ ಮೇಲ್ಗಡೆ ದೋನ್ ನೆಮೇಸಿಯೊನ ಮನೆ ಹಿಂದಿನ ಕಾಡು ಕೋಕೊ ಮರ ಕಡುಗೆಂಪು ಹೂ ಬಿಟ್ಟಿದೆ ಎಂದು ನಾನು ಹೇಳಿದ್ದೇ ತಡ, ಅವಳಿಗೆ ನಿದ್ದೆ ಹಾರಿತು. ಕೋಕೊ ಹೂ ಬಿಳಿಚು. ಕೆಂಪೆಂದರೆ ಯಾರೂ ಬರೆಯದ ಮರವಿರಬಹುದು. ಹಾಗೆನ್ನಲು ಹೂವೊಂದೇ ಸಾಕ್ಷಿ. ಅದೋ, ಅಂಗಿಗುಂಡಿಯಷ್ಟು, ನೇರ ಕಾಂಡಕ್ಕೇ ಅಂಟಿ ಅರಳುವಂಥದ್ದು.

ನಾವು ಹೋಗಿ ನೋಡಿದರೆ ಕಾಂಡ ಫಳಫಳ ಹೊಳೆಯುತ್ತಿತ್ತು. ಪಾಚಿಯಿಲ್ಲ, ಹೂವೂ ಇಲ್ಲ.

"ನೀವು ಬರ್ತೀರಂತ ಬೆಳಿಗ್ಗೆನೇ ಮಚ್ಚಲ್ಲಿ ಕೆರೆದು ತೊಳೆದ್ಬಿಟ್ಟೆ, ಸೆನ್ಯೋರಾ," ಎಂದ ನೆಮೇಸಿಯೊ. ತಾನೂ ಇಗರ್ಜಿಯ ಅಂಗಿ ತೊಟ್ಟು ನಿಂತಿದ್ದ. "ಚಿತ್ರ ತೆಗೆಸ್ಕೊಳ್ಳೋರು ಮುಖ ತೊಳ್ಕೊಳ್ದೆ ನಿಲ್ತಾರಾ?"

ಮರದ ಕಾಂಡವೇ ದೊಡ್ಡ ಕಾಂಡವಾಯಿತು.

"ಹೂ ಎಲ್ಲಿ ಮಾರಾಯ?" ಎಂದಳು ಸೊರಾಯ್ದಾ.

"ಆ ಕೆಂಪು ಚುಕ್ಕೆಗಳಾ? ಅಯ್ಯೋ, ಮೊಡವೆ ಅಂದ್ಕೊಂಡೆ!"

"ಮೊಡವೆಯಂತೆ!" ಒಳಗಿನಿಂದ ಅವನ ಹೆಂಡತಿ ಲುಸ್ಮಿಲಾ ಬಂದಳು. "ತನ್ನ ಮುಖ ತೊಳ್ಕೊಳ್ಳೋಕೆ ಸೋಮಾರಿತನ, ಮರದ್ದು ತೊಳ್ಯೋಕೆ ಹೊರಟ!"

ಸೊರಾಯ್ದಾ ಭೂತಗನ್ನಡಿ ಹಿಡಿದು ಕಾಂಡವನ್ನು ಬುಡದಿಂದ ಎದೆಯೆತ್ತರದವರೆಗೆ ತಡಕಿದಳು. ಒಂದು ಮೊಗ್ಗೂ ಉಳಿದಿರಲಿಲ್ಲ.

"ಕೆರೆದ ಪಾಚಿ ಏನ್ಮಾಡಿದ್ರಿ?"

"ಕಾವಿಗೆ ಕೂತ ಕೋಳಿ ಕೆಳಗೆ ಹಾಸ್ದೆ," ಎಂದಳು ಲುಸ್ಮಿಲಾ. "ಮೆತ್ತಗಿರುತ್ತೆ."

ಕೋಳಿ ಏಳಲೊಪ್ಪಲಿಲ್ಲ. ನನಗೆ ಎರಡು ಸಲ ಕುಕ್ಕಿತು, ನೆಮೇಸಿಯೊಗೆ ನಾಲ್ಕು ಸಲ. ನ್ಯಾಯವೇ. ಮೊಟ್ಟೆಗಳ ನಡುವಿನ ಪಾಚಿಯನ್ನು ಸೊರಾಯ್ದಾ ಎಳೆ ಎಳೆಯಾಗಿ ಬಿಡಿಸಿದಳು. ಮೊದಲ ಹೂ ಜಜ್ಜಿಹೋಗಿತ್ತು, ಎರಡನೆಯದು ಅರ್ಧ. ಮೂರನೆಯದನ್ನು ಸೋರೆಬುರುಡೆಯ ನೀರಿನಲ್ಲಿ ತೇಲಿಬಿಟ್ಟಳು. ನಾಲ್ಕು ತಲೆಗಳು ಬಗ್ಗಿದವು.

ಮುದುಡಿದ್ದ ಎಸಳು ಮೆಲ್ಲಗೆ ಬಿಚ್ಚಿಕೊಂಡಿತು. ಐದು ಕಡುಗೆಂಪು ಎಸಳು, ಒಂದೊಂದರ ಬುಡದಲ್ಲೂ ಪುಟ್ಟ ಕುಲಾವಿ, ಒಳಗೆ ಇನ್ನೂ ಗಾಢವಾದ ಗೆರೆ.

"ಆ ಕುಲಾವಿ ಒಳಗೆ ಯಾರಿರ್ತಾರೆ?" ನೆಮೇಸಿಯೊ ಪಿಸುಗುಟ್ಟಿದ.

"ಸಾಸಿವೆಗಿಂತ ಸಣ್ಣ ನೊಣ ಬಂದು ಹೋಗುತ್ತೆ," ಎಂದಳು ಸೊರಾಯ್ದಾ.

"ನೊಣಕ್ಕೆ ಇಷ್ಟು ಚಂದದ ಮನೆನಾ! ನಮ್ಮದು ನೋಡು," ಎಂದಳು ಲುಸ್ಮಿಲಾ.

ಬೆಳಕಿರುವವರೆಗೂ ಸೊರಾಯ್ದಾ ಬರೆದಳು. ಹೂವಿನ ಪಕ್ಕದಲ್ಲಿ ಕಾಂಡವನ್ನು, ಅದು ಆ ದಿನ ಇದ್ದ ಹಾಗೆಯೇ, ಮಚ್ಚಿನ ಗೀರುಗಳ ಸಮೇತ. ನೆಮೇಸಿಯೊ ಹಾಳೆಯ ಮೇಲೆ ಬೆರಳಿಟ್ಟು ಗೀರು ಎಣಿಸಿದ.

"ಹದಿನೇಳು. ಅಷ್ಟೂ ನಂದೇ," ಎಂದ ಹೆಮ್ಮೆಯಿಂದ.